ಮನೆ ಬಿಚ್ಚೋದು ಬೇರೆ, ಒಡೆಯೋದು ಬೇರೆ

1/4
ಫೋಟೋ ಝೂಮ್ ಮಾಡಿ ನೋಡಿ. ರಾಜಕಾಲುವೆ ಪಕ್ಕ ರಾತ್ರೋರಾತ್ರಿ ಟಿಪ್ಪರ್ ಸುರಿದು ಹೋಗಿರೋ ಡೆಬ್ರಿಸ್. ಇಟ್ಟಿಗೆ ಇದೆ, ಕಾಂಕ್ರೀಟ್ ಗಟ್ಟಿ ಇದೆ, ರೆಡ್ ಆಕ್ಸೈಡ್ ನೆಲದ ಚೂರು, ಪಿಒಪಿ ಸೀಲಿಂಗು, ವೈರು, ಅರ್ಧ ಮುರಿದ ಕಮೋಡು. ಅಡಿಯಲ್ಲಿ ಒಂದು ಬಾಗಿಲವಾಡ ಕೂಡ.

"ಬರೀ ಮಣ್ಣು-ಕಲ್ಲು ತಾನೇ, ಕೊಳೆಯಲ್ಲ, ನಾರಲ್ಲ, ಏನು ತೊಂದ್ರೆ?" ಅನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಕೊಳೆಯಲ್ಲ ಅನ್ನೋದೇ ತೊಂದ್ರೆ ಕಣ್ರೋ! ತರಕಾರಿ ಸಿಪ್ಪೆ ಕೆಲವೇ ತಿಂಗಳಲ್ಲಿ ಗೊಬ್ಬರ ಆಗುತ್ತೆ. ಈ ಗುಡ್ಡೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇಲ್ಲೇ ಇರುತ್ತೆ. ಹತ್ತು ಲೋಡ್ ಬಿದ್ರೆ ಕಾಲುವೆ ಕಿರಿದಾಗುತ್ತೆ, ನೂರಾರು ಲೋಡ್ ಬಿದ್ರೆ ಕೆರೆ ಅಂಚು ಸೈಟ್ ಆಗುತ್ತೆ. 2022ರ ಸೆಪ್ಟೆಂಬರಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರ ರೀಲ್ಸ್ ಎಲ್ಲರೂ ಶೇರ್ ಮಾಡಿದ್ರು, ಮಳೆನ ಬೈದ್ರು. ನೀರು ಹೋಗೋ ದಾರಿಗೆ ಏನೇನು ತುಂಬಿದೀವಿ ಅಂತ ಕೇಳಿದೋರು ಕಮ್ಮಿ.

2/4
ನನ್ನ ವಾದ ಇಷ್ಟೇ. ಮನೆ ತಾನಾಗಿ ಕಸ ಆಗಲ್ಲ, ಜೆಸಿಬಿ ಬಕೆಟ್ ಅದನ್ನ ಕಸ ಮಾಡುತ್ತೆ.

ಹಳ್ಳಿ ಕಡೆ "ಹಳೇ ಮನೆ ಬಿಚ್ಚಿಸ್ತಿದೀವಿ" ಅಂತಾರೆ, ಕೇಳಿದೀರಾ? ಮೊದಲು ಹಂಚು ಇಳಿಸ್ತಾರೆ, ಆಮೇಲೆ ಜಂತೆ, ತೊಲೆ, ಬಾಗಿಲು, ಕಿಟಕಿ. ಚಪ್ಪಡಿ ಒಂದು ಕಡೆ, ಇಟ್ಟಿಗೆ ಒಂದು ಕಡೆ. ಎಷ್ಟೋ ಸಲ ಅದೇ ತೊಲೆ ಹೊಸ ಕೊಟ್ಟಿಗೆಗೆ ಹತ್ತುತ್ತೆ. ಸಿಟಿಲಿ ನಾವು "ಒಡೆಸ್ತಿದೀವಿ" ಅಂತೀವಿ. ಸಿಪಿಡಬ್ಲ್ಯುಡಿ ಸ್ಪೆಸಿಫಿಕೇಶನ್ ಪುಸ್ತಕದಲ್ಲೂ ಇವೆರಡು ಬೇರೆ ಬೇರೆ. ಡಿಸ್ಮ್ಯಾಂಟ್ಲಿಂಗ್ ಅಂದ್ರೆ ಭಾಗಗಳಿಗೆ ಪೆಟ್ಟಾಗದ ಹಾಗೆ ಜೋಪಾನವಾಗಿ ಬೇರ್ಪಡಿಸೋದು, ಡೆಮಾಲಿಶನ್ ಅಂದ್ರೆ ಒಡೆದು ಹಾಕೋದು. ಸಿವಿಲ್ ಓದೋರಿಗೆ ಇದು ಗೊತ್ತಿರಬೇಕು. ಸೈಟಲ್ಲಿ ಮಾತ್ರ ಎರಡಕ್ಕೂ ಒಂದೇ ಜೆಸಿಬಿ.

ಎಲ್ಲಾ ಬೆರೆತ್ರೆ ಏನಾಗುತ್ತೆ? ಪಿಒಪಿ ಅಂದ್ರೆ ಜಿಪ್ಸಂ, ಅದರಲ್ಲಿರೋ ಸಲ್ಫೇಟ್ ಕಾಂಕ್ರೀಟಿಗೆ ಆಗಿಬರಲ್ಲ. ಒಳ್ಳೇ ಕಾಂಕ್ರೀಟ್ ಗಟ್ಟಿ ಜೊತೆ ಸೀಲಿಂಗ್ ಪುಡಿ, ಪ್ಲಾಸ್ಟಿಕ್ಕು, ಮಣ್ಣು ಸೇರಿದ್ರೆ ಆ ಲೋಡಿಂದ ಮತ್ತೆ ಜಲ್ಲಿ ಮಾಡೋದು ಕಷ್ಟ, ದುಬಾರಿ. ಆಸ್ಬೆಸ್ಟಾಸ್ ಶೀಟ್ ಜೆಸಿಬಿಗೆ ಸಿಕ್ಕಿ ಪುಡಿಯಾದ್ರಂತೂ ಅದರ ಎಳೆ ಹೋಗೋದು ಅಲ್ಲೇ ಮುಖಕ್ಕೆ ಟವೆಲ್ ಕಟ್ಟಿಕೊಂಡು ನಿಂತಿರೋ ಕೆಲಸದವರ ಶ್ವಾಸಕೋಶಕ್ಕೆ.

ಇನ್ನೊಂದು ವಿಷಯ. ಸಿಮೆಂಟ್ ಗಾರೆ ಗೋಡೆ ಬಿಡಿಸೋಕೆ ಹೋದ್ರೆ ಇಟ್ಟಿಗೆನೇ ಮುರಿಯುತ್ತೆ. ಹಳೇ ಸುಣ್ಣದ ಗಾರೆ ಹಾಗಲ್ಲ, ನಾಲ್ಕು ಪೆಟ್ಟಿಗೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತೆ. ಅಂದ್ರೆ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳೇ ಬಿಚ್ಚೋಕೆ ಅತೀ ಯೋಗ್ಯ. ಜೆಸಿಬಿ ಬಾಯಿಗೆ ಹೋಗ್ತಿರೋದೂ ಅವೇ.

3/4
"ಒಂದು ಸಣ್ಣ ಮನೆಯಿಂದ ಎಷ್ಟು ಮಹಾ ಬರುತ್ತೆ?" ಲೆಕ್ಕ ಹಾಕೋಣ. ಟೈಫ್ಯಾಕ್ ಅನ್ನೋ ಕೇಂದ್ರ ಸಂಸ್ಥೆಯ ಹಳೇ ಅಂದಾಜಿನಲ್ಲಿ ಪಕ್ಕಾ ಕಟ್ಟಡ ಒಡೆದ್ರೆ ಚದರ ಮೀಟರಿಗೆ ಸುಮಾರು 500 ಕೆಜಿ. 30-40 ಸೈಟಲ್ಲಿ 1,000 ಚದರಡಿಯ ಒಂದೇ ಅಂತಸ್ತಿನ ಮನೆ ಅಂದ್ರೆ 93 ಚದರ ಮೀಟರ್. ಹೆಚ್ಚುಕಮ್ಮಿ 46 ಟನ್!

2016ರ ಕೇಂದ್ರ ನಿಯಮದಲ್ಲಿ ದಿನಕ್ಕೆ 20 ಟನ್ ದಾಟಿಸೋರು ಕಾಂಕ್ರೀಟು, ಮಣ್ಣು, ಕಬ್ಬಿಣ, ಇಟ್ಟಿಗೆ, ಮರ ಎಲ್ಲಾ ಬೇರೆ ಮಾಡಬೇಕು, ಕೆಲಸ ಶುರು ಮಾಡೋ ಮುಂಚೆ ಪ್ಲಾನ್ ಕೊಟ್ಟು ಒಪ್ಪಿಗೆ ತಗೋಬೇಕು ಅಂತ ಇತ್ತು. ಎರಡು ದಿನದಲ್ಲಿ ಜೆಸಿಬಿ ಮುಗಿಸಿದ್ರೆ ನಮ್ಮ ಬೀದಿಯ ಓನರ್ ಅಂಕಲ್ಲೂ ಆ ಲೆಕ್ಕಕ್ಕೆ ಬರ್ತಾರೆ. ಅಂಥ ಪ್ಲಾನ್ ಕೊಟ್ಟೋರನ್ನ ಯಾರಾದ್ರೂ ನೋಡಿದ್ರೆ ಹೇಳಿ, ನಾನಂತೂ ನೋಡಿಲ್ಲ. 2026ರ ಏಪ್ರಿಲ್ 1ರಿಂದ ಜಾರಿ ಅಂತ ಮಾಡಿರೋ ಹೊಸ ನಿಯಮ ರೀಸೈಕ್ಲಿಂಗ್ ಗುರಿ ಹೊರಿಸೋದು 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಪ್ರಾಜೆಕ್ಟುಗಳಿಗೆ. ಒಳ್ಳೇದೇ. ಆದ್ರೆ 93ರ ಮನೆ ಇನ್ನೂರು ಒಡೆದ್ರೂ ಆ ಗೆರೆ ಮುಟ್ಟಲ್ಲ! ನೋಯ್ಡಾದ ಅವಳಿ ಟವರ್ 2022ರ ಆಗಸ್ಟ್ 28ಕ್ಕೆ ಬಿದ್ದಾಗ ಸುಮಾರು 80,000 ಟನ್ ಅಂತ ದೇಶವೆಲ್ಲ ಲೈವ್ ನೋಡ್ತು. ನಮ್ಮ 46 ಟನ್ ಮನೆ ಸಾವಿರದ ಏಳ್ನೂರು ಚಿಲ್ಲರೆ ಬಿದ್ರೂ ಅಷ್ಟೇ ಆಗುತ್ತೆ. ಅದಕ್ಕೆ ಲೈವ್ ಇಲ್ಲ.

ಟಿಪ್ಪರ್ ಡ್ರೈವರಣ್ಣನ್ನ ಮಾತ್ರ ಬೈಬೇಡಿ ಪ್ಲೀಸ್. ಅವನಿಗೆ ದುಡ್ಡು ಟ್ರಿಪ್ ಲೆಕ್ಕದಲ್ಲಿ. ಪುಡಿ ಮಾಡಿ ಮತ್ತೆ ಬಳಸೋ ಘಟಕ ಚಿಕ್ಕಜಾಲದ ಕಡೆ. ಜೆಪಿ ನಗರದ ಲೋಡು ಅಲ್ಲಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಡೀಸೆಲ್ ಯಾರು ಕೊಡ್ತಾರೆ? ಕತ್ತಲಲ್ಲಿ ಹತ್ತಿರದ ಹಳ್ಳ ಫ್ರೀ. ಏರಿಯಾಗೊಂದು ಸಂಗ್ರಹದ ಜಾಗ ಕೊಡದೆ ದಂಡದ ಬೋರ್ಡ್ ನೆಟ್ಟರೆ ಬೋರ್ಡಿನ ಬುಡಕ್ಕೇ ಸುರೀತಾರೆ, ಸುರಿದೂ ಇದ್ದಾರೆ.

4/4
ಕೊನೇ ತಕರಾರು ನಮ್ಮವರದ್ದೇ. "ರೀಸೈಕಲ್ ಜಲ್ಲಿ ವೀಕು." ಐಎಸ್ 383ರ 2016ರ ಆವೃತ್ತಿ ತೆಗೆದು ನೋಡಿ. ಹಳೇ ಕಾಂಕ್ರೀಟಿಂದ ಮಾಡಿದ ಜಲ್ಲಿಯನ್ನ ಕಬ್ಬಿಣ ಇಲ್ಲದ ಕಾಂಕ್ರೀಟಲ್ಲಿ 25 ಪರ್ಸೆಂಟ್, ಎಂ25ರವರೆಗಿನ ಆರ್‌ಸಿಸಿಲಿ 20 ಪರ್ಸೆಂಟ್, ಎಂ15ಕ್ಕಿಂತ ಕೆಳಗಿನ ಲೀನ್ ಕಾಂಕ್ರೀಟಲ್ಲಿ ನೂರಕ್ಕೆ ನೂರು ಬಳಸಬಹುದು. ನೀರು ಜಾಸ್ತಿ ಕುಡಿಯುತ್ತೆ ನಿಜ, ಮೊದಲೇ ನೆನೆಸಿಕೊಂಡ್ರೆ ಆಯ್ತು. ಪಾಯದಡಿ ಹಾಕೋ 1:4:8 ಬೆಡ್ಡಿಗೆ ಚಿಕ್ಕಬಳ್ಳಾಪುರದ ಬೆಟ್ಟದ ತಾಜಾ ಜಲ್ಲಿನೇ ಬೇಕು ಅನ್ನೋದು ಯಾವ ಇಂಜಿನಿಯರಿಂಗು? ಒಂದು ಕಡೆ ಬೆಟ್ಟಕ್ಕೆ ಡೈನಮೈಟ್ ಇಟ್ಟು ಜಲ್ಲಿ ತರ್ತೀವಿ, ಇನ್ನೊಂದು ಕಡೆ ಇರೋ ಜಲ್ಲಿಯನ್ನ ಕೆರೆಗೆ ಸುರೀತೀವಿ.

ಸರ್ಕಾರವೂ ನುಣುಚಿಕೊಳ್ಳೋ ಹಾಗಿಲ್ಲ. ಪಾಲಿಕೆ, ಸರ್ಕಾರಿ ಕಾಮಗಾರಿಗಳಲ್ಲಿ ಇಂಥ ಮಾಲು 10ರಿಂದ 20 ಪರ್ಸೆಂಟ್ ಕಡ್ಡಾಯ ಆಗಬೇಕು ಅಂತ 2016ರಲ್ಲೇ ಬರೆದಿದ್ರು. ದೆಹಲಿಯ ಬುರಾರಿಲಿ 2009ರಿಂದ ಘಟಕ ನಡೀತಿದೆ. ಕೊಳ್ಳೋರಿಲ್ಲದೆ ಎಷ್ಟು ಮಷಿನ್ ತಂದ್ರೂ ಅದರ ಮುಂದೆ ಇನ್ನೊಂದು ಗುಡ್ಡೆ ಬೀಳುತ್ತೆ ಅಷ್ಟೇ.

ಬಿಚ್ಚೋಕೆ ಕೂಲಿ ಜಾಸ್ತಿ, ದಿನ ಜಾಸ್ತಿ. ಹೌದು, ಸುಳ್ಳು ಹೇಳಲ್ಲ. ಆದ್ರೆ ಆ ದುಡ್ಡು ಡೀಸೆಲ್ಲಿಗೆ ಹೋಗೋ ಬದಲು ಕೆಲಸ ಗೊತ್ತಿರೋ ಕೈಗೆ ಹೋಗುತ್ತೆ. ಪ್ಲಾನ್ ಸ್ಯಾಂಕ್ಷನ್ನಿಗೆ ತಿಂಗಳುಗಟ್ಟಲೆ ಕಾಯೋ ಓನರ್ರಿಗೆ ಬಿಚ್ಚೋಕೆ ಹತ್ತು ದಿನ ಭಾರ ಆಗುತ್ತಾ?

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಸೈಟ್ ಇಂಜಿನಿಯರ್. ಎಸ್ಟಿಮೇಟಲ್ಲಿ "ಡೆಬ್ರಿಸ್ ಸಾಗಣೆ" ಅಂತ ಒಂದೇ ಸಾಲು ಬರೀತೀರಾ, ಇಲ್ಲಾ ಬಿಚ್ಚೋದಕ್ಕೆ ಬೇರೆ ಐಟಂ, ಬೇರೆ ರೇಟು ಹಾಕ್ತೀರಾ? ನಿಮ್ಮ ಬೀದಿಲಿ ಒಡೆಯೋಕೆ ರೆಡಿ ಇರೋ ಮನೆ ಇದ್ರೆ ಕಾಮೆಂಟಲ್ಲಿ ಏರಿಯಾ ಹಾಕಿ. ಜೆಸಿಬಿ ಬರೋ ಮುಂಚೆ ಓನರ್ ಹತ್ರ ಮಾತಾಡೋಕೆ ಈ ಭಾನುವಾರ ನಾವು ನಾಲ್ಕು ಜನ ಫ್ರೀ ಇದೀವಿ.

#ಬಿಚ್ಚಿ_ಒಡೀಬೇಡಿ #ಡೆಬ್ರಿಸ್ #ಬೆಂಗಳೂರು #ರಾಜಕಾಲುವೆ #ಸಿವಿಲ್_ಹುಡುಗ್ರು_ಹುಡ್ಗೀರು