ಒಗ್ಗರಣೆ ಡಬ್ಬಿ ತೊಳೆಯಿರಿ, ಉಗ್ರಾಣವನ್ನಲ್ಲ

ಫೋನು ನಿಧಾನವಾಯಿತೆಂದರೆ, ಕೈಯಲ್ಲೇ ಬಿಸಿಯೇರಿತೆಂದರೆ, ಹಣ ಪಾವತಿಸುವ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಂಡಿತೆಂದರೆ, ಇಂದು ಯಾರನ್ನು ಕೇಳಿದರೂ ಸಿಗುವ ಮದ್ದು ಒಂದೇ: 'ಕ್ಯಾಶ್ ಕ್ಲಿಯರ್ ಮಾಡಿ.' ಕಾಲೇಜಿಗೆ ಹೋಗುವ ಮೊಮ್ಮಗ ಇದನ್ನೇ ಹೇಳುತ್ತಾನೆ. ಸೇವಾ ಕೇಂದ್ರದ ದೂರವಾಣಿಯಲ್ಲಿ ಹತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಮಾತಿಗೆ ಸಿಗುವ ಸಿಬ್ಬಂದಿಯೂ ಇದನ್ನೇ ಹೇಳುತ್ತಾರೆ. ಹಿಂದೆ ಎಲ್ಲ ಕಾಯಿಲೆಗೂ ಶುಂಠಿ ಕಷಾಯ ಕೊಡುತ್ತಿದ್ದರಲ್ಲ, ಹಾಗೆ. ಇಂಗ್ಲಿಷಿನಲ್ಲಿ ನಗದಿಗೂ ಈ ಕ್ಯಾಶ್‌ಗೂ ಕಾಗುಣಿತ ಬೇರೆ ಬೇರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಬ್ಯಾಂಕಿನ ಆ್ಯಪ್‌ನಲ್ಲಿ 'ಕ್ಯಾಶ್ ಕ್ಲಿಯರ್' ಮಾಡಲು ಹೇಳಿದರೆ ಖಾತೆಯ ದುಡ್ಡೇ ಖಾಲಿಯಾದೀತೆಂದು ಹಿರಿಯರೊಬ್ಬರು ಗಾಬರಿಯಾದರೆ ನಗುವಂತಿಲ್ಲ. ಅವರ ಭಯದಲ್ಲಿ ಅರ್ಧದಷ್ಟಾದರೂ ವಿವೇಕವಿದೆ ಎಂಬುದು ನನ್ನ ಅಭಿಪ್ರಾಯ.

ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ ಪದವಿದು. ಕಂಪ್ಯೂಟರಿನ ಲೋಕಕ್ಕೆ ಬರುವ ಮುನ್ನ ಅದಕ್ಕೆ ಗುಪ್ತ ದಾಸ್ತಾನು ಎಂಬ ಅರ್ಥವಿತ್ತು. ಕೇಂಬ್ರಿಜ್‌ನ ವಿಜ್ಞಾನಿ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದರಲ್ಲಿ, ದೊಡ್ಡದಾದರೂ ನಿಧಾನವಾದ ಸ್ಮೃತಿಕೋಶದ ಮುಂದೆ ಚಿಕ್ಕದಾದರೂ ಚುರುಕಾದ ಇನ್ನೊಂದನ್ನು ಇರಿಸುವ ಉಪಾಯ ಸೂಚಿಸಿದರು. ಅದನ್ನು ಅವರು ಕರೆದದ್ದು 'ಸ್ಲೇವ್ ಮೆಮೊರಿ' ಎಂದು. 1968ರಲ್ಲಿ ಐಬಿಎಂ ಸಂಸ್ಥೆಯು ತನ್ನ 'ಸಿಸ್ಟಮ್/360 ಮಾಡೆಲ್ 85' ಯಂತ್ರದಲ್ಲಿ ಈ ಉಪಾಯವನ್ನು ಅಳವಡಿಸಿದಾಗ 'ಕ್ಯಾಶ್' ಎಂಬ ಹೆಸರು ನಿಂತಿತು. ಇಂದು ನಮ್ಮ ಆ್ಯಪ್‌ಗಳು ಫೋನಿನಲ್ಲಿ ಕೂಡಿಡುವ ಕಡತಗಳು ಆ ಯಂತ್ರದ ಸ್ಮೃತಿಕೋಶಕ್ಕಿಂತ ಭಿನ್ನವಾದರೂ ಹಿಂದಿರುವ ವಿಚಾರ ಅದೇ: ಮತ್ತೆ ಮತ್ತೆ ಬೇಕಾಗುವುದನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು.

ಇದನ್ನು ಅರಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಒಲೆಯ ಪಕ್ಕ ಒಂದು ಒಗ್ಗರಣೆ ಡಬ್ಬಿ ಇರುತ್ತದೆ. ಸಾಸಿವೆ, ಜೀರಿಗೆ, ಉದ್ದಿನಬೇಳೆ, ನಾಲ್ಕು ಒಣಮೆಣಸಿನಕಾಯಿ. ಅವೆಲ್ಲದರ ದೊಡ್ಡ ಸಂಗ್ರಹ ಉಗ್ರಾಣದಲ್ಲಿದೆ. ಎಣ್ಣೆ ಕಾದ ಮೇಲೆ ಯಾರೂ ಉಗ್ರಾಣಕ್ಕೆ ಓಡುವುದಿಲ್ಲ. ಡಬ್ಬಿಗೆ ಕೈ ಹಾಕುತ್ತಾರೆ. ಸುದ್ದಿಯ ಆ್ಯಪ್ ನಿನ್ನೆ ತೋರಿಸಿದ ಚಿತ್ರವನ್ನು, ನಕ್ಷೆಯ ಆ್ಯಪ್ ನಿಮ್ಮ ಬಡಾವಣೆಯ ರಸ್ತೆಗಳನ್ನು, ಅಂಗಡಿಯ ಆ್ಯಪ್ ತನ್ನ ಚಿಹ್ನೆ ಗುರುತುಗಳನ್ನು ಹೀಗೆಯೇ ಡಬ್ಬಿಯಲ್ಲಿಟ್ಟುಕೊಳ್ಳುತ್ತವೆ. ಮೂಲ ಬೇರೆಲ್ಲೋ ಇರುತ್ತದೆ. ಡಬ್ಬಿ ಬರಿದಾದರೆ ಮತ್ತೆ ತುಂಬಿಕೊಳ್ಳಬಹುದು. ಕ್ಯಾಶ್ ಅಳಿಸಿದರೆ ನಷ್ಟವಿಲ್ಲ ಎನ್ನುವುದಕ್ಕೆ ಇರುವ ಕಾರಣ ಇಷ್ಟೇ.

ಹಾಗಾದರೆ ಅಳಿಸುವುದು ಯಾವಾಗ? ಸಾಸಿವೆಗೆ ಹುಳ ಬಿದ್ದಾಗ. ಆ್ಯಪ್ ಹೊಸ ಆವೃತ್ತಿಗೆ ಬದಲಾಗಿ, ಹಳೆಯ ಆವೃತ್ತಿ ಬಿಟ್ಟುಹೋದ ಕಡತಗಳು ಅದಕ್ಕೆ ಹೊಂದದೆ ಹೋದಾಗ. ಬರೆಯುತ್ತಿರುವಾಗಲೇ ಬ್ಯಾಟರಿ ಮುಗಿದು ಕಡತ ಅರೆಬರೆಯಾದಾಗ. ಜಾಲತಾಣದಲ್ಲಿ ಅರ್ಜಿಯ ನಮೂನೆ ಬದಲಾಗಿದ್ದರೂ ನಿಮ್ಮ ಬ್ರೌಸರ್ ಹಳೆಯದನ್ನೇ ತೋರಿಸುತ್ತ ಕುಳಿತಾಗ. ಇಂಥ ಸಂದರ್ಭಗಳಲ್ಲಿ, ತೊಂದರೆ ಕೊಡುತ್ತಿರುವ ಆ ಒಂದು ಆ್ಯಪ್‌ನ ಕ್ಯಾಶ್ ಅಳಿಸಿದರೆ ಬಹುಮಟ್ಟಿಗೆ ಗುಣ ಕಾಣುತ್ತದೆ. ಅದಕ್ಕೂ ಮೊದಲು ಫೋನನ್ನು ಒಮ್ಮೆ ಆರಿಸಿ ಹಚ್ಚುವುದು ಇನ್ನೂ ಒಳ್ಳೆಯದು. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬ್ರೌಸರಿನಲ್ಲಿ ಮಾತ್ರ ಗುರುತು ಹಾಕುವ ಚೌಕಗಳನ್ನು ಓದಿ ಒತ್ತಬೇಕು. ಕ್ಯಾಶ್‌ನ ಚೌಕದ ಪಕ್ಕದಲ್ಲೇ ಕುಕೀಗಳ ಚೌಕವಿರುತ್ತದೆ. ಅದನ್ನೂ ಅಳಿಸಿದರೆ ಪ್ರತಿಯೊಂದು ತಾಣಕ್ಕೂ ಮತ್ತೆ ಗುಪ್ತಪದ ಕೊಟ್ಟು ಪ್ರವೇಶಿಸಬೇಕಾಗುತ್ತದೆ.

ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವಂತೆ ದಿನವೂ ಎಲ್ಲ ಆ್ಯಪ್‌ಗಳ ಕ್ಯಾಶ್ ಅಳಿಸುವವರಿದ್ದಾರೆ. ಅದು ಪ್ರತಿ ಒಗ್ಗರಣೆಗೂ ಮುನ್ನ ಡಬ್ಬಿ ತೊಳೆದಿಡುವ ಮಡಿವಂತಿಕೆ. ಅಳಿಸಿದ್ದೆಲ್ಲವೂ ಮರುದಿನ ಮತ್ತೆ ಇಳಿದು ಬರಲೇಬೇಕು. ಅದಕ್ಕೆ ನಿಮ್ಮ ಡೇಟಾ ಖರ್ಚು, ಬ್ಯಾಟರಿ ಖರ್ಚು, ಸಮಯ ಖರ್ಚು. ಸ್ಥಳ ಉಳಿಯಿತೆಂಬ ಸಂತೋಷ ಸಂಜೆಯವರೆಗೆ ಮಾತ್ರ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದೀಚೆಗೆ ಪ್ರತಿ ಆ್ಯಪ್‌ಗೂ ಕ್ಯಾಶ್‌ಗೆಂದು ಒಂದು ಪಾಲು ನಿಗದಿಯಾಗಿದೆ. ಸ್ಥಳ ಸಾಲದಾದಾಗ ಪಾಲು ಮೀರಿ ಬೆಳೆದವುಗಳ ಕ್ಯಾಶ್ ಅನ್ನು ವ್ಯವಸ್ಥೆಯೇ ಮೊದಲು ತೆರವು ಮಾಡುತ್ತದೆ. ಐಫೋನಿನಲ್ಲಂತೂ ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವ ಇಂಥ ಗುಂಡಿಯನ್ನೇ ಇಟ್ಟಿಲ್ಲ. ಅದರ ಬದಲು 2017ರಿಂದ, ಆ್ಯಪ್ ಅನ್ನು ಮಾತ್ರ ತೆಗೆದುಹಾಕಿ ಅದರೊಳಗಿನ ಮಾಹಿತಿಯನ್ನು ಉಳಿಸಿಕೊಳ್ಳುವ ಸೌಲಭ್ಯವಿದೆ. ಗುಂಡಿಯೇ ಇರಬಾರದೆಂದು ನಾನು ವಾದಿಸುತ್ತಿಲ್ಲ. ಅದರ ನೆರೆಹೊರೆ ಸರಿಯಿಲ್ಲವೆಂಬುದಷ್ಟೇ ನನ್ನ ತಕರಾರು.

ಆಂಡ್ರಾಯ್ಡ್ ಫೋನಿನಲ್ಲಿ ಒಂದೊಂದು ಆ್ಯಪ್‌ನ ಸಂಗ್ರಹದ ಪುಟದಲ್ಲಿ ಎರಡು ಗುಂಡಿಗಳು ಅಕ್ಕಪಕ್ಕ ಕುಳಿತಿರುತ್ತವೆ. ಒಂದು 'ಕ್ಲಿಯರ್ ಕ್ಯಾಶ್', ಇನ್ನೊಂದು 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್'. ಒಂದು ಡಬ್ಬಿಯನ್ನು ತೊಳೆಯುತ್ತದೆ. ಇನ್ನೊಂದು ಉಗ್ರಾಣವನ್ನೇ ಗುಡಿಸಿಹಾಕುತ್ತದೆ. ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕಿಯೊಬ್ಬರು ಪತಿಯ ರಕ್ತದೊತ್ತಡ, ಸಕ್ಕರೆ ಅಂಶ, ಬದಲಾದ ಔಷಧಿಗಳು ಎಲ್ಲವನ್ನೂ ಆರು ವರ್ಷ ಒಂದು ಆ್ಯಪ್‌ನಲ್ಲಿ ಬರೆದಿಟ್ಟಿದ್ದರು. ಆ ಮಾಹಿತಿ ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. 'ಜಾಗವಿಲ್ಲ' ಎಂಬ ಸೂಚನೆ ಬರುತ್ತಿದೆಯೆಂದು ಹತ್ತಿರದ ರಿಪೇರಿ ಅಂಗಡಿಗೆ ಹೋದರು. ಅಂಗಡಿಯ ಹುಡುಗ ಒಂದಾದ ಮೇಲೊಂದು ಆ್ಯಪ್ ತೆರೆದು ಎರಡೂ ಗುಂಡಿಗಳನ್ನು ಒತ್ತುತ್ತಾ ಹೋದ. ಫೋನು ಹಗುರವಾಯಿತು. 'ಈಗ ಹೊಸದರ ಥರ ಆಯ್ತು ನೋಡಿ ಆಂಟಿ' ಎಂದನಂತೆ. ಮುಂದಿನ ವಾರ ಹೃದ್ರೋಗ ತಜ್ಞರು ಹಳೆಯ ಅಂಕಿಗಳನ್ನು ಕೇಳಿದಾಗ ತೋರಿಸಲು ಅವರ ಬಳಿ ಏನೂ ಇರಲಿಲ್ಲ.

ಹುಡುಗನನ್ನು ದೂರುವುದು ಸುಲಭ. 'ಅಳಿಸಿದ್ದು ಮರಳಿ ಸಿಗುವುದಿಲ್ಲ' ಎಂಬ ಎಚ್ಚರಿಕೆ ತೆರೆಯ ಮೇಲೆ ಬಂದೇ ಬರುತ್ತದೆ. ಆದರೆ ದಿನಕ್ಕೆ ನೂರು ಸಲ 'ಓಕೆ' ಒತ್ತಿಸಿಕೊಳ್ಳುವ ಯಂತ್ರದಲ್ಲಿ ನೂರಾ ಒಂದನೆಯ 'ಓಕೆ'ಗೆ ಯಾರು ನಿಂತು ಯೋಚಿಸುತ್ತಾರೆ? ಬ್ಯಾಂಕಿನ ಆ್ಯಪ್‌ನಲ್ಲಿ ಈ ಗುಂಡಿ ಒತ್ತಿದರೆ ಹಣಕ್ಕೇನೂ ಆಗುವುದಿಲ್ಲ, ಅದು ಬ್ಯಾಂಕಿನಲ್ಲಿರುತ್ತದೆ. ಸಿಮ್ ಪರಿಶೀಲನೆಯಿಂದ ಹಿಡಿದು ನೋಂದಣಿಯನ್ನು ಮತ್ತೆ ಮಾಡಬೇಕಾಗುತ್ತದೆ ಅಷ್ಟೆ. ಎರಡನೆಯ ಹಂತದ ಸಂಕೇತ ಕೊಡುವ ಆ್ಯಪ್‌ನಲ್ಲಿ ಒತ್ತಿದರೆ, ಬೇರೆಡೆ ಪ್ರತಿ ಇಟ್ಟುಕೊಳ್ಳದಿದ್ದಲ್ಲಿ, ನಿಮ್ಮ ಇ-ಮೇಲ್ ಖಾತೆಗೆ ನೀವೇ ಹೊರಗಿನವರಾಗಬಹುದು. ಒಂದೇ ಒತ್ತು, ಒಂದೊಂದು ಕಡೆ ಒಂದೊಂದು ಪರಿಣಾಮ. ಆ ವ್ಯತ್ಯಾಸವನ್ನು ಗುಂಡಿಯ ಮೇಲಿನ ಎರಡು ಪದ ಹೇಳುವುದಿಲ್ಲ.

ಗಣಕವಿಜ್ಞಾನದಲ್ಲಿ ಕಷ್ಟದ ಕೆಲಸಗಳು ಎರಡೇ, ಹಳತಾದ ಕ್ಯಾಶ್ ಅನ್ನು ರದ್ದುಪಡಿಸುವುದು ಮತ್ತು ಹೆಸರಿಡುವುದು ಎಂಬ ಚಟಾಕಿಯೊಂದು ಆ ವಲಯದಲ್ಲಿ ಪ್ರಸಿದ್ಧ. ನೆಟ್‌ಸ್ಕೇಪ್‌ನಲ್ಲಿ ಎಂಜಿನಿಯರ್ ಆಗಿದ್ದ ಫಿಲ್ ಕಾರ್ಲ್‌ಟನ್ ಅದನ್ನು ಹೇಳಿದ್ದೆನ್ನುತ್ತಾರೆ. ಈ ಪುಟದಲ್ಲಿ ಎರಡೂ ಕಷ್ಟಗಳು ಒಟ್ಟಿಗೆ ಬಂದು ಬಳಕೆದಾರನ ತಲೆಯ ಮೇಲೆ ಕುಳಿತಿವೆ. ಕನ್ನಡಕ್ಕೆ ತರುವಾಗಲಂತೂ ಇನ್ನಷ್ಟು ಎಚ್ಚರ ಬೇಕು. 'ಸಂಗ್ರಹ' ಎಂಬ ಒಂದೇ ಪದದ ನೆಂಟರಿಂದ ಎರಡು ಗುಂಡಿಗಳಿಗೂ ಹೆಸರು ಕಟ್ಟಹೊರಟರೆ, ಇಂಗ್ಲಿಷಿನಲ್ಲಿ ಇದ್ದಷ್ಟು ಅಂತರವೂ ಉಳಿಯುವುದಿಲ್ಲ. 'ತಾತ್ಕಾಲಿಕ ಕಡತ ಅಳಿಸಿ' ಎಂದು ಒಂದಕ್ಕೆ, 'ನಿಮ್ಮ ಎಲ್ಲ ಮಾಹಿತಿ ಅಳಿಸಿ' ಎಂದು ಇನ್ನೊಂದಕ್ಕೆ ಬರೆದರೆ ಯಾವ ನಿಘಂಟಿನ ಸಹಾಯವೂ ಬೇಡ. ಜಾಗ ಸಾಲದು ಎನ್ನುವವರಿಗೆ ಒಂದು ಮಾತು: ಇಂಥ ಕಡೆ ಜಾಗ ಉಳಿಸುವುದು ಔಷಧದ ಚೀಟಿಯ ಮೇಲೆ ಅಕ್ಷರ ಉಳಿಸಿದ ಹಾಗೆ.

ಇನ್ನು, ಫೋನಿನ ಹೊಟ್ಟೆ ತುಂಬುವುದು ಕ್ಯಾಶ್‌ನಿಂದಲೇ ಎಂಬ ನಂಬಿಕೆಯೂ ಅರ್ಧಸತ್ಯ. ನಾನು ನೋಡಿರುವ ಬಹುಪಾಲು ಫೋನುಗಳಲ್ಲಿ ಜಾಗ ನುಂಗಿರುವುದು ವಾಟ್ಸ್‌ಆ್ಯಪ್ ಗುಂಪುಗಳಿಂದ ಇಳಿದ ವೀಡಿಯೊ ಮತ್ತು ಚಿತ್ರಗಳು. ಸೂರ್ಯೋದಯ, ಗುಲಾಬಿ, ಕೃಷ್ಣ, ಕೆಳಗೆ 'ಶುಭೋದಯ'. ಭಾರತೀಯರ ಈ ಶುಭೋದಯದ ಚಿತ್ರಗಳು ಫೋನುಗಳನ್ನು ಉಸಿರುಕಟ್ಟಿಸುತ್ತಿರುವ ಬಗ್ಗೆ 2018ರ ಜನವರಿಯಲ್ಲಿ ಅಮೆರಿಕದ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯೇ ವರದಿ ಮಾಡಿತ್ತು. ಅದಕ್ಕೆ ತುಸು ಮುಂಚೆ, 2017ರ ಡಿಸೆಂಬರ್‌ನಲ್ಲಿ, ಗೂಗಲ್ ಸಂಸ್ಥೆಯು 'ಫೈಲ್ಸ್ ಗೋ' ಎಂಬ ಸ್ಥಳ ತೆರವಿನ ಆ್ಯಪ್ ಅನ್ನು ದೆಹಲಿಯ ಸಮಾರಂಭದಲ್ಲಿ ಬಿಡುಗಡೆ ಮಾಡಿದ್ದೂ ಕಾಕತಾಳೀಯವಲ್ಲ. ಈ ಚಿತ್ರಗಳು ಕ್ಯಾಶ್ ಅಲ್ಲ. ಕ್ಯಾಶ್ ಎಷ್ಟು ಸಲ ಅಳಿಸಿದರೂ ಆ ಗುಲಾಬಿಗಳು ಬಾಡುವುದಿಲ್ಲ. ವಾಟ್ಸ್‌ಆ್ಯಪ್‌ನ ಒಳಗೇ ಇರುವ ಸಂಗ್ರಹ ನಿರ್ವಹಣೆಯ ಪುಟಕ್ಕೆ ಹೋಗಿ, ಯಾವ ಗುಂಪು ಎಷ್ಟು ನುಂಗಿದೆ ಎಂದು ನೋಡಿ, ಕಣ್ಣಾರೆ ಕಂಡು ಅಳಿಸಬೇಕು. ಚಿತ್ರಗಳು ತಾವಾಗಿಯೇ ಇಳಿಯುವುದನ್ನು ನಿಲ್ಲಿಸಬೇಕು. ಕಳುಹಿಸಿದವರಿಗೆ ಇದು ತಿಳಿಯುವುದಿಲ್ಲ, ಆದ್ದರಿಂದ ಸೋದರತ್ತೆ ಮುನಿಸಿಕೊಳ್ಳುವ ಭಯವೂ ಬೇಡ.

ಈ ಗೊಂದಲದ ಮೇಲೆಯೇ ಒಂದು ವ್ಯಾಪಾರ ಬೆಳೆದು ನಿಂತಿತು. ಒಂದೇ ಒತ್ತಿಗೆ ಫೋನನ್ನು ಶುಚಿಗೊಳಿಸುತ್ತೇವೆ, ವೇಗ ಹೆಚ್ಚಿಸುತ್ತೇವೆ, ತಂಪು ಮಾಡುತ್ತೇವೆ ಎಂದು ಹೇಳಿಕೊಳ್ಳುವ 'ಕ್ಲೀನರ್' ಆ್ಯಪ್‌ಗಳು. 2020ರ ಫೆಬ್ರುವರಿಯಲ್ಲಿ ಗೂಗಲ್, ಜಾಹೀರಾತು ನಿಯಮಗಳ ಉಲ್ಲಂಘನೆಯ ಕಾರಣದಿಂದ ನೂರಾರು ಆ್ಯಪ್‌ಗಳನ್ನು ತನ್ನ ಮಳಿಗೆಯಿಂದ ತೆಗೆದುಹಾಕಿದಾಗ, 'ಕ್ಲೀನ್ ಮಾಸ್ಟರ್' ತಯಾರಿಸಿದ್ದ ಚೀತಾ ಮೊಬೈಲ್ ಸಂಸ್ಥೆಯ ಆ್ಯಪ್‌ಗಳೂ ಅದರಲ್ಲಿದ್ದವು. ಅದೇ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಹೆಸರೇ ಎಲ್ಲರ ಬಾಯಲ್ಲಿ ಉಳಿಯಿತು. 'ಕ್ಲೀನ್ ಮಾಸ್ಟರ್', 'ಡಿಯು ಕ್ಲೀನರ್'ಗಳೂ ಅಲ್ಲಿದ್ದವೆಂಬುದು ಅನೇಕರಿಗೆ ನೆನಪಿಲ್ಲ. ಇಂದಿನ ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್ ಇನ್ನೊಂದರ ಖಾಸಗಿ ಕಡತಗಳಿಗೆ ನೇರವಾಗಿ ಕೈಹಾಕುವಂತಿಲ್ಲ. ಹೀಗಾಗಿ ಇಂಥ ಕೆಲವು ಆ್ಯಪ್‌ಗಳು, ದೃಷ್ಟಿಹೀನರ ನೆರವಿಗೆಂದು ರೂಪಿಸಿದ 'ಆ್ಯಕ್ಸೆಸಿಬಿಲಿಟಿ' ಅನುಮತಿಯನ್ನು ಕೇಳುತ್ತವೆ. ಅದನ್ನು ಕೊಟ್ಟರೆ ತೆರೆಯ ಮೇಲಿರುವುದನ್ನು ಓದುವ, ನಿಮ್ಮ ಪರವಾಗಿ ಗುಂಡಿ ಒತ್ತುವ ಅಧಿಕಾರ ಸಿಕ್ಕಂತೆ. ಅದೇ ತೆರೆಯ ಮೇಲೆ ನೀವು ಬ್ಯಾಂಕ್ ವ್ಯವಹಾರ ಮಾಡುತ್ತೀರಿ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಫೋನನ್ನು ಗುಡಿಸುವ ಈ ಹೊಣೆ ಕೊಂಡವನದೇ ಏಕಾಗಬೇಕು? ಪೆಟ್ಟಿಗೆಯ ಮೇಲೆ 32 ಅಥವಾ 64 ಜಿಬಿ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮಾರುವ ಫೋನನ್ನು ಮನೆಗೆ ತಂದು ತೆರೆದಾಗ, ಅದರಲ್ಲಿ ಒಂದಷ್ಟು ಭಾಗ ಈಗಾಗಲೇ ತುಂಬಿರುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಜಾಗ ಬೇಕು, ಒಪ್ಪೋಣ. ಆದರೆ ನಾವು ಕೇಳದ ಆಟಗಳು, ಅಂಗಡಿಗಳು, ಎರಡೆರಡು ಬ್ರೌಸರುಗಳು? ಬಾಡಿಗೆ ಮನೆಯ ಒಂದು ಕೋಣೆಗೆ ಮಾಲೀಕರು ಬೀಗ ಹಾಕಿಕೊಂಡು, ಬಾಡಿಗೆಯನ್ನು ಮಾತ್ರ ಇಡೀ ಮನೆಗೆ ವಸೂಲು ಮಾಡುವ ಪದ್ಧತಿ ಬೆಂಗಳೂರಿನವರಿಗೆ ಹೊಸದೇನಲ್ಲ. ಬೆಲೆ ಕಡಿಮೆಯಿರುವ ಫೋನುಗಳಲ್ಲೇ ಈ ಬೀಗದ ಕೋಣೆಯ ನೋವು ಹೆಚ್ಚು.

ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಮೊದಲೇ ತುಂಬಿಸಿಟ್ಟ ಗೂಗಲ್ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕಲು ಅಡ್ಡಿಪಡಿಸಬಾರದೆಂಬ ನಿರ್ದೇಶನವನ್ನೂ ಕೊಟ್ಟಿತ್ತು. 2023ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತು, ಆದರೆ ಈ ನಿರ್ದೇಶನವೂ ಸೇರಿದಂತೆ ನಾಲ್ಕನ್ನು ಕೈಬಿಟ್ಟಿತು. ಸ್ಪರ್ಧಾ ಕಾನೂನಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿರಬಹುದು. ಗ್ರಾಹಕನ ದೃಷ್ಟಿಯಿಂದ, ದಂಡದ ಹಣ ಯಾರಿಗೆ ಸೇರಿದರೂ ಕೋಣೆಯ ಬೀಗ ಹಾಗೆಯೇ ಉಳಿಯಿತು.

ಇದನ್ನು ಸಿರಿವಂತರ ಆಟಿಕೆಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಪಿಂಚಣಿದಾರರು ಮನೆಯಿಂದಲೇ ಜೀವಿತ ಪ್ರಮಾಣಪತ್ರ ಸಲ್ಲಿಸಲು ಮುಖಚಹರೆಯ ದೃಢೀಕರಣ 2021ರಲ್ಲಿ ಬಂದಿತು. ವಯಸ್ಸಾದವರಿಗೆ ನಿಜಕ್ಕೂ ಉಪಕಾರಿಯಾದ ವ್ಯವಸ್ಥೆ. ಅದಕ್ಕೆ ಫೋನಿನಲ್ಲಿ ಎರಡು ಆ್ಯಪ್‌ಗಳು ಬೇಕು, ಆಧಾರ್‌ನ ಮುಖ ದೃಢೀಕರಣದ್ದೊಂದು, ಜೀವನ್ ಪ್ರಮಾಣ್‌ದೊಂದು. ಮಗ ಬಳಸಿ ಬಿಟ್ಟ ಹಳೆಯ ಫೋನನ್ನು ಹಿಡಿದ ಎಪ್ಪತ್ತೈದರ ಅಜ್ಜನಿಗೆ ನವೆಂಬರ್ ತಿಂಗಳಲ್ಲಿ 'ಸ್ಥಳಾವಕಾಶವಿಲ್ಲ' ಎಂಬ ಸೂಚನೆ ಬಂದರೆ, ಅವರು ಏನನ್ನು ಅಳಿಸಬೇಕು? ಸೇವೆಗಳನ್ನು ಫೋನಿಗೆ ಸಾಗಿಸುವ ಸರ್ಕಾರ, ಆ ಫೋನಿನೊಳಗೆ ಜಾಗ ಎಷ್ಟು ಉಳಿದಿದೆಯೆಂದು ಒಮ್ಮೆಯೂ ಕೇಳಿದಂತಿಲ್ಲ.

ಸಾಬೂನಿನ ಹೊದಿಕೆಯ ಮೇಲೆ ನಿವ್ವಳ ತೂಕ ಮುದ್ರಿಸುವುದು ಈ ದೇಶದಲ್ಲಿ ಕಡ್ಡಾಯ. ಫೋನಿನ ಪೆಟ್ಟಿಗೆಯ ಮೇಲೂ, ಮೊದಲ ಬಾರಿ ತೆರೆದಾಗ ಕೊಂಡವನಿಗೆ ಉಳಿಯುವ ನಿವ್ವಳ ಸ್ಥಳವೆಷ್ಟು ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಗ್ರಾಹಕ ವ್ಯವಹಾರಗಳ ಸಚಿವಾಲಯ ಆದೇಶಿಸಲಿ. ಸರ್ಕಾರಿ ಆ್ಯಪ್‌ಗಳು ತಮ್ಮ ಕ್ಯಾಶ್ ಅನ್ನು ತಾವೇ ಮಿತಿಯಲ್ಲಿಟ್ಟುಕೊಳ್ಳಲಿ. ಒಂದೇ ಸಲ ಬೇಕಾಗುವ ಕೆಲಸಕ್ಕೆ ಆ್ಯಪ್ ಬದಲು ಬ್ರೌಸರಿನಲ್ಲೇ ತೆರೆಯುವ ಪುಟ ಸಾಕು. ಅಲ್ಲಿಯವರೆಗೆ, ಮನೆಯ ಹಿರಿಯರ ಫೋನನ್ನು ರಿಪೇರಿ ಅಂಗಡಿಗೆ ಕೊಡುವ ಮುನ್ನ ಯಾವ ಆ್ಯಪ್‌ನ ಮಾಹಿತಿಗೆ ಬೇರೆಡೆ ಪ್ರತಿಯಿಲ್ಲ ಎಂದು ಅವರನ್ನೇ ಕೇಳಿ, ಒಂದು ಹಾಳೆಯಲ್ಲಿ ಬರೆದು ಕೊಟ್ಟು ಕಳುಹಿಸಿ. ನಮ್ಮ ಶಿಕ್ಷಕಿ ಈಗ ಪತಿಯ ಸಕ್ಕರೆಯ ಅಂಕಿಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದಾರೆ.