ಬಸುರಿ ಏಡಿ, ಸಿಗಡಿ ತಿನ್ನಬಾರದೇ? ಬೇಯಿಸಿದರೆ ಎಲ್ಲವೂ ಸುರಕ್ಷಿತವೇ?

ಮಳೆಗಾಲ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಕಡೆಯ ಹಳ್ಳಗಳಲ್ಲಿ, ಹೊಲದ ಬದುಗಳಲ್ಲಿ ಏಡಿ ಸಿಗುತ್ತವೆ. ಕೃಷ್ಣಾ, ದೂಧಗಂಗಾ ನದಿಗಳ ಆಸುಪಾಸಿನ ಏಕಸಂಬಿಯಂಥ ಊರುಗಳಿಗೆ ಏಡಿ ಸಾರು ಹೊಸದಲ್ಲ. ಆದರೆ ಮನೆಯಲ್ಲಿ ಬಸುರಿ ಇದ್ದರೆ ಮಾತು ಬದಲಾಗುತ್ತದೆ. ‘ಏಡಿ ಉಷ್ಣ, ಗರ್ಭ ನಿಲ್ಲೂದಿಲ್ಲ’ ಎಂದು ಹಿರಿಯರು ಹೇಳುತ್ತಾರೆ. ‘ಸಿಗಡಿ ತಿಂದು ನಿಂಬೆರಸ ಕುಡಿದರೆ ವಿಷ’ ಎಂದು ವಾಟ್ಸ್‌ಆ್ಯಪ್ ಹೇಳುತ್ತದೆ. ‘ಚೆನ್ನಾಗಿ ಬೇಯಿಸಿದರೆ ಏನೂ ಆಗೂದಿಲ್ಲ’ ಎಂದು ಮತ್ತೊಬ್ಬರು ಧೈರ್ಯ ತುಂಬುತ್ತಾರೆ. ಇವುಗಳಲ್ಲಿ ಯಾವುದು ಎಷ್ಟು ನಿಜ?

ಚಿಕ್ಕ ಉತ್ತರ

ತಾಜಾ ಇರುವ, ಪೂರ್ತಿ ಬೆಂದ ಏಡಿ ಮತ್ತು ಸಿಗಡಿಯನ್ನು ಗರ್ಭಿಣಿಯರು ಮಿತವಾಗಿ ತಿನ್ನಬಹುದು. ಹಸಿ ಅಥವಾ ಅರೆಬೆಂದದ್ದು ಬೇಡ. ಮರುವಾಯಿ, ಪಚ್ಚಿಲೆಯಂಥ ಚಿಪ್ಪಿನ ಜೀವಿಗಳ ವಿಷಯದಲ್ಲಿ ಬೇಯಿಸುವುದಷ್ಟೇ ಸಾಲದು, ಅವು ಬಂದ ನೀರೂ ಮುಖ್ಯ. ಇವುಗಳಿಗೆ ಅಲರ್ಜಿ ಇರುವವರು ಮುಟ್ಟಲೇಬಾರದು, ಏಕೆಂದರೆ ಅಲರ್ಜಿ ತರುವ ಪ್ರೋಟೀನು ಬೇಯಿಸಿದರೂ ಹೋಗುವುದಿಲ್ಲ.

ಏಡಿ ತಿಂದರೆ ಗರ್ಭಪಾತ ಆಗುತ್ತದೆಯೇ?

ಬೆಂದ ಏಡಿಯಲ್ಲಿ ಗರ್ಭ ಕೆಡಿಸುವ ‘ಉಷ್ಣ’ದ ಅಂಶ ಯಾವುದೂ ಇಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದಕ್ಕೆ ತಾಯಿಯ ಊಟ ಹೊಣೆಯಲ್ಲ. ಹಿಂದಿನ ದಿನ ಏಡಿ ತಿಂದಿದ್ದಳು ಎಂಬ ಕಾರಣಕ್ಕೆ ಅವಳನ್ನು ದೂರುವುದು ಅನ್ಯಾಯ.

ಹಾಗಂತ ಹಿರಿಯರ ಎಚ್ಚರಿಕೆ ಪೂರ್ತಿ ಸುಳ್ಳೂ ಅಲ್ಲ. ಏಡಿ, ಸಿಗಡಿ ಬಲು ಬೇಗ ಕೆಡುತ್ತವೆ. ಮಂಜುಗಡ್ಡೆ, ಫ್ರಿಜ್ ಇಲ್ಲದ ಕಾಲದಲ್ಲಿ ಹಳಸಿದ್ದನ್ನು ತಿಂದು ವಾಂತಿ ಭೇದಿ ಆಗುವ ಅಪಾಯ ದೊಡ್ಡದಿತ್ತು. ಗರ್ಭಿಣಿಗೆ ಅದು ಇನ್ನೂ ಕಷ್ಟ.

ಗರ್ಭಿಣಿಗೆ ಅಪಾಯ ಹೆಚ್ಚೇಕೆ?

ಗರ್ಭಾವಸ್ಥೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಬದಲಾಗುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ತಗಲುವ ಸಂಭವ ಗರ್ಭಿಣಿಯರಲ್ಲಿ ಇತರರಿಗಿಂತ ಸುಮಾರು 10 ಪಟ್ಟು ಹೆಚ್ಚು. ಇದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರ ಬಂದಂತೆ ಅನ್ನಿಸಿದರೂ ಮಾಸು ದಾಟಿ ಮಗುವಿಗೆ ತಗಲಿ, ಗರ್ಭಪಾತ ಆಗಬಹುದು ಅಥವಾ ಮಗು ಹೊಟ್ಟೆಯಲ್ಲೇ ಸಾಯಬಹುದು.

ಇನ್ನೊಂದು ಹೆಪಟೈಟಿಸ್ ಇ. ಇದು ಮುಖ್ಯವಾಗಿ ಕೊಳಚೆ ಬೆರೆತ ಕುಡಿಯುವ ನೀರಿನಿಂದ ಹರಡುವ ಕಾಮಾಲೆ. ಅಂಥ ನೀರಿನಲ್ಲಿ ಬೆಳೆದ ಚಿಪ್ಪಿನ ಜೀವಿಗಳನ್ನು ಸರಿಯಾಗಿ ಬೇಯಿಸದೆ ತಿಂದರೂ ಬರಬಹುದು. ಕೊನೆಯ ಮೂರು ತಿಂಗಳಲ್ಲಿ ಈ ಸೋಂಕು ತಗಲಿದವರಲ್ಲಿ 20ರಿಂದ 25 ಶೇಕಡಾದವರೆಗೆ ಸಾವು ಸಂಭವಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಳ್ಳದ ಏಡಿಗೆ ಮತ್ತೊಂದು ಕಾರಣವಿದೆ. ಸಿಹಿನೀರಿನ ಏಡಿಗಳಲ್ಲಿ ಶ್ವಾಸಕೋಶ ಸೇರುವ ಒಂದು ಚಪ್ಪಟೆ ಹುಳುವಿನ ಮರಿಗಳು ಇರಬಹುದು. ಏಡಿಯನ್ನು ಹಸಿಯಾಗಿ ತಿನ್ನುವ ರೂಢಿಯಿರುವ ಮಣಿಪುರ, ನಾಗಾಲ್ಯಾಂಡ್ ಕಡೆ ಈ ಕಾಯಿಲೆ ಕಂಡುಬಂದಿದೆ. ಕೆಮ್ಮು, ಕಫದಲ್ಲಿ ರಕ್ತ ಬರುವುದರಿಂದ ಇದನ್ನು ಕ್ಷಯ ಎಂದು ತಪ್ಪಾಗಿ ತಿಳಿಯುವುದುಂಟು. ಚೆನ್ನಾಗಿ ಕುದಿಸಿದರೆ ಈ ಹುಳು ಸಾಯುತ್ತದೆ.

ಬೇಯಿಸಿದರೂ ಹೋಗದ ವಿಷ

1983ರಲ್ಲಿ ಕಾಸರಗೋಡು ಕಡೆಯ ಕುಂಬಳೆಯಲ್ಲಿ ಅಳಿವೆಯ ಮರುವಾಯಿ ತಿಂದು ಹಲವರು ಅಸ್ವಸ್ಥರಾದರು, ಒಬ್ಬ ಬಾಲಕ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಕಾರಣ ಬ್ಯಾಕ್ಟೀರಿಯಾ ಅಲ್ಲ, ನೀರಿನಲ್ಲಿರುವ ಕೆಲವು ಸೂಕ್ಷ್ಮ ಪಾಚಿಗಳ ನರವಿಷ.

ಮರುವಾಯಿ, ಪಚ್ಚಿಲೆಗಳು ನೀರನ್ನು ಸೋಸಿ ಆಹಾರ ಹಿಡಿಯುತ್ತವೆ. ಹಾಗೆ ಸೋಸುವಾಗ ಪಾಚಿಯ ವಿಷವೂ ಮೈಯಲ್ಲಿ ಸಂಗ್ರಹವಾಗುತ್ತದೆ. ಈ ವಿಷ ಕುದಿಸಿದರೂ ಫ್ರೀಜರಿನಲ್ಲಿಟ್ಟರೂ ನಾಶವಾಗುವುದಿಲ್ಲ, ರುಚಿ ವಾಸನೆಯಲ್ಲೂ ತಿಳಿಯುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಹೆಚ್ಚಾದರೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಆಸರೆ ಕೊಡುವುದೇ ಚಿಕಿತ್ಸೆ, ಹಾಗಾಗಿ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಆದ್ದರಿಂದ ಎಲ್ಲಿಂದ ಬಂತೆಂದು ತಿಳಿಯದ ಚಿಪ್ಪಿನ ಜೀವಿಗಳನ್ನು ಗರ್ಭಿಣಿಯರು ಬಿಡುವುದೇ ಲೇಸು. ಏಡಿಯಲ್ಲಿ ಇಂಥ ವಿಷ ಸೇರುವುದಾದರೆ ಹೆಚ್ಚಾಗಿ ಚಿಪ್ಪಿನೊಳಗಿನ ಹಳದಿ ಭಾಗದಲ್ಲಿ, ಅದನ್ನು ತೆಗೆದು ಬಿಳಿ ಮಾಂಸ ತಿನ್ನಿ. ಕಾರ್ಖಾನೆ ನೀರು ಸೇರಿ ಬಣ್ಣಗೆಟ್ಟ, ಮೀನು ಸತ್ತು ತೇಲುವ ಹೊಳೆಯ ಏಡಿಯೂ ಬೇಡ.

ಸಿಗಡಿ ಮತ್ತು ನಿಂಬೆ

ತೈವಾನಿನಲ್ಲಿ ಸಿಗಡಿ ಮತ್ತು ವಿಟಮಿನ್ ಸಿ ಒಟ್ಟಿಗೆ ಸೇವಿಸಿ ಯುವತಿ ಸತ್ತಳು ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಸಿಗಡಿಯಲ್ಲಿ ಆರ್ಸೆನಿಕ್ ಇರುವುದು ನಿಜ. ಆದರೆ ಅದರಲ್ಲಿ ಬಹುಪಾಲು ದೇಹಕ್ಕೆ ಹಾನಿ ಮಾಡದೆ ಮೂತ್ರದಲ್ಲಿ ಹೊರಹೋಗುವ ರೂಪದ್ದು. ಒಂದು ಹೋಳು ನಿಂಬೆ ಅದನ್ನು ವಿಷ ಮಾಡುವುದಿಲ್ಲ.

ಎಷ್ಟು, ಹೇಗೆ?

ಪಾದರಸ ಕಡಿಮೆ ಇರುವ ಮೀನು, ಸಿಗಡಿ, ಏಡಿ ಎಲ್ಲ ಸೇರಿ ಗರ್ಭಿಣಿಯರು ವಾರಕ್ಕೆ 225ರಿಂದ 340 ಗ್ರಾಂ ತಿನ್ನಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೇಳುತ್ತದೆ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು, ಅವು ಬೇಡ.

• ಏಡಿ ಅಡುಗೆಗೆ ಹಾಕುವ ತನಕ ಜೀವಂತ ಇರಲಿ. ಸತ್ತು ಬಿದ್ದದ್ದು ಬೇಡ.
• ಘಟ್ಟದ ಕೆಳಗಿನಿಂದ ಬರುವ ಸಿಗಡಿ ಮಂಜುಗಡ್ಡೆಯಲ್ಲೇ ಇರಬೇಕು. ಅಮೋನಿಯಾದಂಥ ಘಾಟು ಬಂದರೆ ಬಿಡಿ.
• ಸಿಗಡಿ ಗುಲಾಬಿ ಬಣ್ಣಕ್ಕೆ ತಿರುಗಿ, ಒಳಗಿನ ಮಾಂಸ ಬೆಳ್ಳಗಾಗುವ ತನಕ ಬೇಯಬೇಕು. ಏಡಿಯ ಚಿಪ್ಪು ಕೆಂಪಾದರೆ ಸಾಲದು, ಕಾಲಿನ ಬುಡದ ಮಾಂಸವೂ ಬೆಂದಿರಬೇಕು.
• ಬೇಯಿಸಿದ ಮೇಲೂ ಬಾಯಿ ತೆರೆಯದ ಮರುವಾಯಿಯನ್ನು ಎಸೆಯಿರಿ.
• ಹಸಿ ಮಾಂಸ ಮುಟ್ಟಿದ ಚಾಕು, ಮಣೆಯನ್ನು ತೊಳೆಯದೆ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಬೇಡಿ.
• ಉಳಿದ ಸಾರನ್ನು 2 ಗಂಟೆಯೊಳಗೆ, ಬೇಸಿಗೆಯಲ್ಲಾದರೆ 1 ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಮತ್ತೆ ತಿನ್ನುವಾಗ ಕುದಿಸಿ.

ಏಡಿ, ಸಿಗಡಿಯಿಂದ ಒಳ್ಳೆಯ ಪ್ರೋಟೀನು, ಬಿ12, ಅಯೋಡಿನ್, ಸತು ಸಿಗುತ್ತವೆ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಇಂಥಲ್ಲಿ ಸುಳ್ಳು ಭಯಕ್ಕೆ ತಟ್ಟೆಯಿಂದ ಪೌಷ್ಟಿಕ ಆಹಾರ ತೆಗೆಯುವುದು ನಷ್ಟವೇ. ಆದರೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಗುಳಿಗೆಗೆ ಏಡಿ ಸಾರು ಬದಲಿಯಲ್ಲ.

ತಿಂದ ಮೇಲೆ ಜ್ವರ, ನಿಲ್ಲದ ವಾಂತಿ ಭೇದಿ, ಕಣ್ಣು ಹಳದಿ ಆಗುವುದು ಅಥವಾ ಮಗುವಿನ ಚಲನೆ ಕಡಿಮೆ ಅನ್ನಿಸುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ. ‘ಏಡಿ ತಿಂದರೆ ಗರ್ಭ ಹೋಗುತ್ತದೆ’ ಎಂಬ ಸಂದೇಶ ಇನ್ನೊಮ್ಮೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸುವುದಾದರೆ, ಹಸಿ ಬೇಡ, ಹಳಸಿದ್ದು ಬೇಡ, ಮೂಲ ತಿಳಿಯದ ಮರುವಾಯಿ ಬೇಡ ಎಂಬ ಮಾತು ಕಳಿಸಿ.