ನನ್ನ ಅಳತೆಯ ಸೈಕಲ್

ನನ್ನ ಎತ್ತರ ನಾಲ್ಕಡಿ ಹತ್ತಿಂಚು. ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಸಿಕ್ಕಾಗ (ಆ ಯೋಜನೆ 2006-07ರಲ್ಲಿ ಶುರುವಾಗಿತ್ತು) ಇಡೀ ನಿಡಸೋಸಿ ನನ್ನದೇ ಅನ್ನಿಸಿತ್ತು. ಸೀಟು ಪೂರ್ತಿ ಇಳಿಸಿದರೂ ನಿಲ್ಲಿಸೋಕೆ ಕಟ್ಟೆಯೋ ಕಲ್ಲೋ ಹುಡುಕಬೇಕಿತ್ತು, ಅದು ಬೇರೆ ಮಾತು.

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದ ಮೇಲೆ ಮತ್ತೆ ಸೈಕಲ್ ಹುಚ್ಚು ಹತ್ತಿತು. ಅಂಗಡಿಯವರು "ಇದಕ್ಕಿಂತ ಸಣ್ಣ ಸೈಜ್ ಬರೋದೇ ಇಲ್ಲ ಮೇಡಂ" ಅಂತ ಒಂದು ಕೊಟ್ಟರು. ಒಂದು ಸಂಜೆ ಸಂಕೇಶ್ವರದ ದಾರಿಯಲ್ಲಿ ಕಬ್ಬಿನ ಟ್ರಾಲಿ ಎದುರಾಯಿತು. ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದೆ, ಬೂಟಿನ ತುದಿ ಮುಂದಿನ ಚಕ್ರಕ್ಕೆ ತಾಗಿತು. ಬಿದ್ದೆ. ಟ್ರ್ಯಾಕ್ಟರ್‌ನವನು ಸಮಯಕ್ಕೆ ಬ್ರೇಕ್ ಹಾಕಿದ್ದಕ್ಕೆ ಈ ಅಂಕಣ ಬರೀತಿದ್ದೀನಿ.

ನನಗೆ ಸೈಕಲ್ ಹೊಡೆಯೋಕೆ ಬರಲ್ಲ ಅಂದುಕೊಂಡಿದ್ದೆ. ಪುಣೆಯಲ್ಲಿ ಒಬ್ಬರೇ ಕೂತು ಕೈಯಿಂದ ಫ್ರೇಮ್ ಕಟ್ಟುವವರೊಬ್ಬರಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ದೊಡ್ಡ ಸೈಜಿಗೂ ಸಣ್ಣ ಸೈಜಿಗೂ ಸಾಮಾನ್ಯವಾಗಿ ಅದೇ 700ಸಿ ಚಕ್ರ. ಟೈರ್ ಕೂರುವಲ್ಲಿ ಅದರ ವ್ಯಾಸ 622 ಮಿ.ಮೀ. ಚಕ್ರ ಅಷ್ಟೇ ಇಟ್ಟು ಫ್ರೇಮ್ ಮಾತ್ರ ಕುಗ್ಗಿಸಿದರೆ ಪಾದಕ್ಕೂ ಚಕ್ರಕ್ಕೂ ನಡುವೆ ಜಾಗ ಎಲ್ಲಿಂದ ಬರಬೇಕು? ನನಗೆ 559 ಮಿ.ಮೀ. ಚಕ್ರ ಸಾಕು, ಪೆಡಲ್ ಕ್ರ್ಯಾಂಕ್ 170ರ ಬದಲು 155 ಇರಲಿ ಅಂದರು. ಅಮೆರಿಕದಲ್ಲಿ ಜಾರ್ಜೀನಾ ಟೆರ್ರಿ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಹೆಂಗಸರಿಗಾಗಿಯೇ 1985ರಲ್ಲಿ ಸೈಕಲ್ ಕಂಪನಿ ತೆಗೆದು, ಮುಂದೆ 24 ಇಂಚಿನ ಸಣ್ಣ ಚಕ್ರ ಹಾಕಿ ಇದನ್ನೇ ಸರಿಮಾಡಿದ್ದರು. ನಾನು ಹುಟ್ಟುವ ಮೊದಲೇ!

ಅವರು ಕೇಳಿದ ಪ್ರಶ್ನೆಗಳು ಯಾವ ಆ್ಯಪ್‌ನಲ್ಲೂ ಇರಲಿಲ್ಲ. ಯಾವ ರಸ್ತೆ? ಎಲ್ಲಿ ನೋಯುತ್ತೆ? ಕೈ ಎಷ್ಟುದ್ದ? ಗಟ್ಟಿಯಾಗಿರಲಿ, ದಪ್ಪ ಪೈಪ್ ಹಾಕಿ ಅಂದೆ. ಒಪ್ಪಲಿಲ್ಲ. "ನಿಮ್ಮ ತೂಕ ನಲವತ್ತೈದು ಕೆ.ಜಿ. ಅದು ನಿಮಗೆ ಬಗ್ಗೋದೇ ಇಲ್ಲ, ಹೊಂಡ ಬಂದಾಗಲೆಲ್ಲ ಬೆನ್ನಿಗೆ ಬೀಳುತ್ತೆ." ಕ್ರೋಮೊಲಿ ಸ್ಟೀಲು, ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು. ಹಾಗಂತ ತೀರ್ಮಾನವಾಯಿತು.

ಕಾಲಿನ ಅಳತೆ ತೆಗೆದದ್ದು ಅವ್ವ. ಗೋಡೆಗೆ ಬೆನ್ನು ಕೊಟ್ಟು, ಕಾಲ ನಡುವೆ ದಪ್ಪ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಟೇಪ್.

"ಜಂಪರ್ ಹೊಲಿಸಾಕ ಅಳತಿ ಕೊಡ್ತೇವಿ. ಸೈಕಲ್ಲಿಗೂ ಅಳತಿ ಕೊಡ್ತಾರೇನ?"

"ರೆಡಿಮೇಡ್ ಜಂಪರ್ ನಿನಗ ಆಗ್ತೈತೇನವ್ವ?"

"ಎಲ್ಲಿಂದ ಆಗಬೇಕು" ಅಂದವಳು ಆಮೇಲೆ ರೇಟ್ ಕೇಳಿದಳು. ಹೇಳಿದೆ. ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟಿಯ ದುಡ್ಡು. ಎರಡು ದಿನ ಮಾತಾಡಲಿಲ್ಲ.

ಅರ್ಧ ಅಡ್ವಾನ್ಸ್ ಕಳಿಸಿದ್ದೀನಿ. ಡ್ರಾಯಿಂಗ್‌ಗೆ ಓಕೆ ಅಂದ ಮೇಲೆ ಏನೂ ಬದಲಾಗಲ್ಲ ಅಂದಿದ್ದಾರೆ. ಆಫೀಸಿನಲ್ಲಿ ತಪ್ಪಾದರೆ ರೋಲ್‌ಬ್ಯಾಕ್ ಮಾಡಿ ಅಭ್ಯಾಸ, ಇಲ್ಲಿ ಪೈಪ್ ಕತ್ತರಿಸಿದರೆ ಮುಗಿಯಿತು. ಹಾಗಾಗಿ ನಿನ್ನೆ ಮತ್ತೊಮ್ಮೆ ಅಳೆಸಿದೆ. ಅದೇ ಬಂತು, 66 ಸೆಂ.ಮೀ.

ಟೇಪ್ ಸುತ್ತಿಡುವ ಬದಲು ಅವ್ವ ಗೋಡೆಗೆ ಒರಗಿ ನಿಂತಳು. "ನನ್ನದೊಂದು ನೋಡ." ಸೀರೆ ನೆರಿಗೆ ಎತ್ತಿ ಹಿಡಿದಿದ್ದಳು. ನನಗಿಂತ ಅರ್ಧ ಇಂಚು ಕಡಿಮೆ.